ಕಿಟ್ ಮೇಲೆ ನಮ್ಮ ಹೆಸರು ಹಾಕಬಹುದೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ಹತ್ತಿರ ಚಟ್ನಿಪುಡಿ, ಖಾರಾ, ಅವಲಕ್ಕಿ ಪ್ಯಾಕ್ ಮಾಡಿ ಮಾರುವ ಪ್ರೈವೇಟ್ ಲಿಮಿಟೆಡ್ ಕಂಪನಿ. ವರ್ಷಕ್ಕೆ ಸುಮಾರು 40 ಕೋಟಿ ವಹಿವಾಟು, ಲಾಭ ಒಂದೂವರೆ ಕೋಟಿ ಆಸುಪಾಸು. ನೆರೆ ಬಂದಾಗಲೆಲ್ಲ ಕೈಲಾದಷ್ಟು ಕೊಡುತ್ತ ಬಂದಿದ್ದೇವೆ, ಯಾರಿಗೂ ಹೇಳಿದವರಲ್ಲ. ಈಗ ಮಗ ವ್ಯವಹಾರಕ್ಕೆ ಬಂದಿದ್ದಾನೆ. ಪರಿಹಾರದ ಕಿಟ್ ಮೇಲೆ ಲೋಗೋ ಹಾಕಬೇಕು, ವಿಡಿಯೋ ಮಾಡಿ ಹಾಕಬೇಕು, ಇದೂ ಬ್ರ್ಯಾಂಡ್ ಕಟ್ಟುವ ಕೆಲಸವೇ ಅನ್ನುತ್ತಾನೆ. ನನ್ನ ತಮ್ಮನಿಗೆ ಇದು ಸುತಾರಾಂ ಒಪ್ಪಿಗೆಯಿಲ್ಲ. ಮನೆಯಲ್ಲಿ ದಿನಾ ಇದೇ ವಾದ. ಯಾರ ಮಾತು ಸರಿ? ಕೊಡುವುದಾದರೆ ಎಷ್ಟು ಕೊಡಬೇಕು?

ಉತ್ತರ: ಮೊದಲು ಸ್ಟಿಕ್ಕರ್ ವಿಚಾರ ಮುಗಿಸಿಬಿಡುತ್ತೇನೆ. ಅದರ ಮೇಲೆ ನನಗೆ ಹಳೆಯ ಸಿಟ್ಟಿದೆ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಪರವಾಗಿ ಕೃಷ್ಣಾ ತೀರದ ಊರುಗಳಿಗೆ ಸಾಮಾನು ಕಳಿಸುವ ಉಸ್ತುವಾರಿ ನನ್ನದಾಗಿತ್ತು. ಅಕ್ಕಿ, ಬೇಳೆ, ಎಣ್ಣೆ, ಮೇಣದಬತ್ತಿ ಎಲ್ಲ ಚೀಲಕ್ಕೆ ತುಂಬಿ ಲಾರಿ ಲೋಡ್ ಆಗಿತ್ತು. ಡ್ರೈವರ್ ಊಟ ಮುಗಿಸಿ ಬಂದು ಕೂತಿದ್ದ. ಲಾರಿ ಮಾತ್ರ ಹೊರಡಲಿಲ್ಲ, ಯಾಕೆಂದರೆ ಪ್ರೆಸ್ಸಿನಿಂದ ಸ್ಟಿಕ್ಕರ್ ಬಂದಿರಲಿಲ್ಲ. ಮರುದಿನ ಮಧ್ಯಾಹ್ನ ಬಂತು. ಚೀಲಗಳನ್ನೆಲ್ಲ ಇಳಿಸಿ, ಅಂಟಿಸಿ, ಮತ್ತೆ ಏರಿಸಿದೆವು. ಗಂಜಿ ಕೇಂದ್ರ ತಲುಪಿದಾಗ ಒಬ್ಬ ಅಜ್ಜಿಯನ್ನು ಕಿಟ್ ಹಿಡಿಸಿ ಎರಡು ಸಲ ನಿಲ್ಲಿಸಿದರು. ಮೊದಲ ಫೋಟೋದಲ್ಲಿ ಲೋಗೋ ಆಕೆಯ ಸೆರಗಿನ ಹಿಂದೆ ಮರೆಯಾಗಿತ್ತಂತೆ. ಆ ಫೋಟೋ ಆ ವರ್ಷದ ವಾರ್ಷಿಕ ವರದಿಯ ಒಳಪುಟದಲ್ಲಿ ಬಂತು. ಅದರಿಂದ ಕಂಪನಿಗೆ ಒಬ್ಬ ಗಿರಾಕಿ ಹೆಚ್ಚಾದನೆಂದು ನಾನು ನಂಬುವುದಿಲ್ಲ.

2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಸ್ವಯಂಸೇವಕರು ತಂದ ಸಾಮಾನಿನ ಮೇಲೆ ಆಗಿನ ಮುಖ್ಯಮಂತ್ರಿ ಜಯಲಲಿತಾ ಅವರ ಚಿತ್ರದ ಸ್ಟಿಕ್ಕರ್ ಅಂಟಿಸಲು ಪಕ್ಷದವರು ಒತ್ತಾಯಿಸಿದರೆಂಬ ಆರೋಪ ದೇಶವೆಲ್ಲ ಸುದ್ದಿಯಾಯಿತು. ಆ ನೆರೆಯಲ್ಲಿ ಯಾರು ಎಷ್ಟು ಕೊಟ್ಟರೆಂದು ಇವತ್ತು ಯಾರಿಗೂ ನೆನಪಿಲ್ಲ. ಸ್ಟಿಕ್ಕರ್ ನೆನಪಿದೆ.

ನಿಮ್ಮ ಸಂಗತಿ ಸ್ವಲ್ಪ ಬೇರೆ. ನೀವು ತಿಂಡಿ ಮಾಡುವವರು. ನಿಮ್ಮ ಅವಲಕ್ಕಿ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ದಿನ, ಬಳಸಬೇಕಾದ ಅವಧಿ ಇರಲೇಬೇಕೆಂದು ಕಾನೂನೇ ಹೇಳುತ್ತದೆ. ಧರ್ಮಕ್ಕೆ ಕೊಡುವ ಪೊಟ್ಟಣಕ್ಕೂ ಅದು ಅನ್ವಯಿಸುತ್ತದೆ. ಹಾಗಾಗಿ ನಿಮ್ಮ ಮಾಲಿನ ಮೇಲೆ ನಿಮ್ಮ ಹೆಸರು ತಾನಾಗಿಯೇ ಇರುತ್ತದೆ, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಎಪಿಎಂಸಿಯಲ್ಲಿ ಕೊಂಡ ಅಕ್ಕಿ ಚೀಲದ ಮೇಲೆ, ಬೇರೆಯವರು ನೇಯ್ದ ಕಂಬಳಿಯ ಮೇಲೆ ನಿಮ್ಮ ಲೋಗೋ ಅಂಟಿಸುವುದು ಬೇಡ. ಇಷ್ಟರ ಮಟ್ಟಿಗೆ ನಿಮ್ಮ ತಮ್ಮನವರು ಗೆದ್ದರು.

ಇನ್ನು ಎಷ್ಟು ಕೊಡಬೇಕು ಅನ್ನುವುದು. ಇದಕ್ಕೆ ನಾನು ಯಾವಾಗಲೂ ಹೇಳುವುದು ಚೀನಾದ ಎರಡು ಕಂಪನಿಗಳ ಕಥೆ. ಎರಡೂ ಒಂದೇ ವಾರದಲ್ಲಿ ನಡೆದವು.

2008ರ ಮೇ 12ರ ಮಧ್ಯಾಹ್ನ ಸಿಚುವಾನ್ ಪ್ರಾಂತ್ಯದ ವೆನ್‌ಚುವಾನ್‌ನಲ್ಲಿ ಭೂಮಿ ನಡುಗಿತು. ಸತ್ತವರು 69 ಸಾವಿರಕ್ಕೂ ಹೆಚ್ಚು, ಕಾಣೆಯಾದವರು ಸುಮಾರು 18 ಸಾವಿರ. ಕುಸಿದ ಶಾಲೆಗಳ ಅಡಿಯಿಂದ ಮಕ್ಕಳನ್ನು ತೆಗೆಯುವ ದೃಶ್ಯ ಹಗಲೂ ರಾತ್ರಿ ಟಿವಿಯಲ್ಲಿ ಬರುತ್ತಿತ್ತು. ಆಗ ವಾಂಕೆ ಅನ್ನುವುದು ಆ ದೇಶದ ಅತಿ ದೊಡ್ಡ ಮನೆ ಕಟ್ಟುವ ಕಂಪನಿ. ಹಿಂದಿನ ವರ್ಷದ ಮಾರಾಟವೇ 5,000 ಕೋಟಿ ಯುವಾನ್ ದಾಟಿತ್ತು. ಅದು ಘೋಷಿಸಿದ್ದು 20 ಲಕ್ಷ ಯುವಾನ್, ಆಗಿನ ಲೆಕ್ಕದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ರೂಪಾಯಿ ಆಸುಪಾಸು. ಕಮ್ಮಿಯಾಯಿತೆಂದು ಜನ ಗೊಣಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅಧ್ಯಕ್ಷ ವಾಂಗ್ ಶಿ ತಮ್ಮ ಬ್ಲಾಗಿನಲ್ಲಿ ಸಮರ್ಥನೆಗೆ ಇಳಿದರು. 20 ಲಕ್ಷ ಸರಿಯಾದ ಮೊತ್ತವೇ, ನಮ್ಮದು ಮೇಲಿಂದ ಮೇಲೆ ವಿಪತ್ತು ಬರುವ ದೇಶ, ದಾನ ಒಂದು ಹೊರೆಯಾಗಬಾರದು, ನಮ್ಮ ಸಾಮಾನ್ಯ ನೌಕರರು ಹತ್ತು ಯುವಾನ್‌ಗಿಂತ ಹೆಚ್ಚು ಕೊಡುವುದು ಬೇಡವೆಂದು ಸೂಚಿಸಿದ್ದೇವೆ ಎಂದು ಬರೆದರು.

ನನ್ನನ್ನು ಕೇಳಿದರೆ ಆ ಮನುಷ್ಯ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ನೌಕರರ ಸಂಬಳ ಹಿಡಿದು ದೊಡ್ಡ ಚೆಕ್ ಬರೆಯುವ ಮಾಲೀಕರನ್ನು ನಾನೂ ಕಂಡಿದ್ದೇನೆ. ಹತ್ತು ಯುವಾನ್ ಮಿತಿ ಹಾಕಿದ್ದು ನೌಕರರನ್ನು ಆ ಮುಜುಗರದಿಂದ ಕಾಪಾಡಲು. ಆದರೆ ಹೆಣ ಅಂಗಳದಲ್ಲಿರುವಾಗ ತಿಥಿಯ ಖರ್ಚಿನ ಬಗ್ಗೆ ಬುದ್ಧಿ ಹೇಳಿದಂತಾಯಿತು. ವಾಂಗ್ ಶಿ ಪರ್ವತಾರೋಹಿ ಕೂಡ, 2003ರಲ್ಲಿ ಎವರೆಸ್ಟ್ ಹತ್ತಿ ಬಂದವರು. ಜನ ಅದನ್ನೂ ಬಿಡದೆ ಆಡಿಕೊಂಡರು. ಕೆಲವೇ ದಿನಗಳಲ್ಲಿ ವಾಂಕೆ 10 ಕೋಟಿ ಯುವಾನ್ ಕೊಟ್ಟು ಮಿಯಾನ್‌ಝು ಬಳಿಯ ಝುನ್‌ದಾವ್ ಪಟ್ಟಣವನ್ನು ಮತ್ತೆ ಕಟ್ಟಿಕೊಡುವುದಾಗಿ ಸಾರಿತು. ಅಧ್ಯಕ್ಷರು ಕ್ಷಮೆ ಕೇಳಿದರು. ಅಲ್ಲಿ ಶಾಲೆ, ಆಸ್ಪತ್ರೆ ಎದ್ದವು. ಮೊದಲ ಮೊತ್ತದ ಐವತ್ತು ಪಟ್ಟು ಕೊಟ್ಟರೂ ಜನರ ಬಾಯಲ್ಲಿ ಉಳಿದದ್ದು ಆ ಹತ್ತು ಯುವಾನ್.

ಅತ್ತ ಮೇ 18ರಂದು ಚೀನಾದ ಸರ್ಕಾರಿ ಟಿವಿಯಲ್ಲಿ ದೇಣಿಗೆ ಸಂಗ್ರಹದ ನೇರ ಕಾರ್ಯಕ್ರಮ ನಡೆಯಿತು. ಜೆಡಿಬಿ ಎಂಬ ಕಂಪನಿಯ ಪ್ರತಿನಿಧಿ ವೇದಿಕೆಗೆ ಬಂದು 10 ಕೋಟಿ ಯುವಾನ್ ಘೋಷಿಸಿದರು. ಕಂಪನಿಯ ಹೆಸರು ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಅವರು ಮಾರುತ್ತಿದ್ದ ಪಾನೀಯ ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದು ವಾಂಗ್ ಲಾವ್ ಜಿ, ಕೆಂಪು ಡಬ್ಬಿಯಲ್ಲಿ ಬರುವ ಗಿಡಮೂಲಿಕೆ ಕಷಾಯ. ನಮ್ಮ ಕಡೆ ಉಷ್ಣಕ್ಕೆ ಸೊಗದೇ ಬೇರಿನ ಶರಬತ್ತು ಕುಡಿಯುವ ಹಾಗೆ ದಕ್ಷಿಣ ಚೀನಾದವರು ದೇಹ ತಂಪಾಗಲೆಂದು ಕುಡಿಯುವಂಥದ್ದು. ಮರುದಿನದಿಂದಲೇ ಇಂಟರ್‌ನೆಟ್ಟಿನಲ್ಲಿ ಒಂದು ಕುಚೇಷ್ಟೆಯ ಬರಹ ಹರಿದಾಡಿತು. ವಾಂಗ್ ಲಾವ್ ಜಿಗೆ ಬಹಿಷ್ಕಾರ ಹಾಕೋಣ, ಅಂಗಡಿಯ ಅಟ್ಟಣಿಗೆಯಲ್ಲಿ ಒಂದು ಡಬ್ಬಿಯೂ ಕಾಣಬಾರದು, ಕಂಡದ್ದನ್ನೆಲ್ಲ ಕೊಂಡು ಖಾಲಿ ಮಾಡೋಣ ಎಂಬುದು ಅದರ ಒಕ್ಕಣೆ. ಕೊಡುವುದಾದರೆ ಹತ್ತು ಕೋಟಿ ಕೊಡು, ಕುಡಿಯುವುದಾದರೆ ವಾಂಗ್ ಲಾವ್ ಜಿ ಕುಡಿ ಅನ್ನುವುದು ಜನರ ಘೋಷಣೆಯೇ ಆಯಿತು. ಹಲವು ಕಡೆ ಮಾಲು ನಿಜಕ್ಕೂ ಮುಗಿದುಹೋಯಿತು. ಆ ಬರಹದ ಹಿಂದೆ ಕಂಪನಿಯ ಮಾರ್ಕೆಟಿಂಗಿನವರದೇ ಕೈಯಿತ್ತೆಂಬ ಅನುಮಾನ ಆಗಲೂ ಇತ್ತು, ಈಗಲೂ ಇದೆ.

ಅದೇ ದಿನಗಳಲ್ಲಿ ಕಡಿಮೆ ಕೊಟ್ಟ ವಿದೇಶಿ ಕಂಪನಿಗಳ ಪಟ್ಟಿಯೂ ಓಡಾಡಿತು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು 'ಕಬ್ಬಿಣದ ಹುಂಜ', ಒಂದು ಪುಕ್ಕವನ್ನೂ ಕೀಳಲಾಗದ್ದು. ನಮ್ಮಲ್ಲಿ ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಅನ್ನುತ್ತೇವಲ್ಲ, ಅದೇ. ಪಟ್ಟಿಯಲ್ಲಿ ತಪ್ಪುಗಳಿದ್ದವು, ಕೊಟ್ಟವರ ಹೆಸರೂ ಸೇರಿಕೊಂಡಿತ್ತು. ಅದನ್ನು ತಿದ್ದುವ ವ್ಯವಧಾನ ಯಾರಿಗಿತ್ತು? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನುತ್ತದೆ ನಮ್ಮ ಗಾದೆ. ಇಲ್ಲಿ ಮೊಳ ಹಾಕಿದವರು ದಟ್ಟಿ ತೆಗೆದುಕೊಂಡವರಲ್ಲ, ಬೀದಿಯಲ್ಲಿ ನಿಂತು ನೋಡುತ್ತಿದ್ದವರು. ಅವರ ಕೈಯಲ್ಲಿದ್ದ ಅಳತೆಗೋಲು ಮೊತ್ತದ್ದೂ ಅಲ್ಲ. ಇವನ ಯೋಗ್ಯತೆಗೆ ಇದು ಎಷ್ಟು ನೋವಾಗುವ ಮೊತ್ತ ಅನ್ನುವುದು. ಬಡ ಕಷಾಯದವನಿಗೆ ಹತ್ತು ಕೋಟಿ ನೋವಾಗುತ್ತದೆ, ಸಾವಿರಾರು ಮನೆ ಮಾರುವವನಿಗೆ 20 ಲಕ್ಷ ಚಿಲ್ಲರೆ ಎಂದು ಜನ ತೂಗಿದರು.

2021ರ ಜುಲೈಯಲ್ಲಿ ಅದೇ ದೇಶದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ಹೆನಾನ್ ಪ್ರಾಂತ್ಯದ ಝೆಂಗ್‌ಝೌನಲ್ಲಿ ಒಂದೇ ಗಂಟೆಯಲ್ಲಿ 200 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಊರು ಮುಳುಗಿತು. ಎರ್ಕೆ ಎಂಬ ಬೂಟಿನ ಕಂಪನಿ 5 ಕೋಟಿ ಯುವಾನ್ ಬೆಲೆಯ ಸಾಮಾನು ಕೊಡುವುದಾಗಿ ಹೇಳಿತು, ಸದ್ದಿಲ್ಲದೆ. ಹಿಂದಿನ ವರ್ಷ ಅದು 22 ಕೋಟಿ ಯುವಾನ್ ನಷ್ಟದಲ್ಲಿತ್ತು. ತನ್ನ ಸಾಮಾಜಿಕ ಜಾಲತಾಣದ ಖಾತೆಗೆ ಹಣ ಕಟ್ಟಿ ವಿಶೇಷ ಸದಸ್ಯತ್ವವನ್ನೂ ಪಡೆದಿರಲಿಲ್ಲ. ನೋಡಿದ ಜನರೇ ಕರಗಿ ಕಂಪನಿಯ ಹೆಸರಲ್ಲಿ ಮುಂದಿನ ನೂರು ವರ್ಷಕ್ಕೂ ಮಿಕ್ಕಿ ಸದಸ್ಯತ್ವ ಕೊಂಡುಕೊಟ್ಟರು. ಬೂಟುಗಳು ಗೋದಾಮಿನಿಂದ ಖಾಲಿಯಾದವು. ಬೇಕಿದ್ದರಷ್ಟೇ ಕೊಳ್ಳಿ, ಆವೇಶದಲ್ಲಿ ಕೊಳ್ಳಬೇಡಿ ಎಂದು ಅಧ್ಯಕ್ಷರೇ ನೇರ ಪ್ರಸಾರಕ್ಕೆ ಬಂದು ಕೇಳಿಕೊಳ್ಳಬೇಕಾಯಿತು. ಅದರ ಬೆನ್ನಿಗೇ, ಕೊಡುತ್ತೇನೆಂದ ಸಾಮಾನು ನಿಜವಾಗಿ ತಲುಪಿದೆಯೇ ಎಂದು ಲೆಕ್ಕ ಕೇಳುವವರೂ ಹುಟ್ಟಿಕೊಂಡರು. ಕೆಲವು ತಿಂಗಳಲ್ಲಿ ಆವೇಶ ಇಳಿಯಿತು. ಕರುಣೆಯಿಂದ ಕೊಂಡವನು ಎರಡನೇ ಜೋಡಿ ಕೊಳ್ಳುವುದು ಬೂಟು ಚೆನ್ನಾಗಿದ್ದರೆ ಮಾತ್ರ. ನಿಮ್ಮ ಚಟ್ನಿಪುಡಿಗೂ ಅದೇ ಮಾತು.

ಕೆಂಪು ಡಬ್ಬಿಯ ಕಥೆಗೆ ಒಂದು ಬಾಲವಿದೆ, ಬ್ರ್ಯಾಂಡ್ ಬ್ರ್ಯಾಂಡ್ ಎನ್ನುವ ನಿಮ್ಮ ಮಗನಿಗೆ ತಪ್ಪದೆ ಹೇಳಿ. ವಾಂಗ್ ಲಾವ್ ಜಿ ಹೆಸರಿನ ಟ್ರೇಡ್‌ಮಾರ್ಕ್ ಜೆಡಿಬಿಯದಾಗಿರಲಿಲ್ಲ. ಗುವಾಂಗ್‌ಝೌನ ಸರ್ಕಾರಿ ಔಷಧ ಕಂಪನಿಯೊಂದರಿಂದ ಅದನ್ನು ಬಾಡಿಗೆಗೆ ಪಡೆದಿತ್ತು. 2012ರ ಮೇನಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂದು ಹೆಸರು ಮೂಲ ಮಾಲೀಕರಿಗೆ ಹೋಯಿತು. ಹತ್ತು ಕೋಟಿ ಕೊಟ್ಟು ಜನರ ಮನಸ್ಸು ಗೆದ್ದವರು ಬೇರೆ ಹೆಸರಲ್ಲಿ ಮೊದಲಿಂದ ಶುರು ಮಾಡಬೇಕಾಯಿತು. ಕೆಂಪು ಡಬ್ಬಿ ಯಾರದೆಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಇಬ್ಬರೂ ಬಳಸಿಕೊಳ್ಳಿ ಎಂದಾಯಿತು. ಅಂದಹಾಗೆ, ನಿಮ್ಮ ಪೊಟ್ಟಣದ ಮೇಲಿನ ಹೆಸರು ನೋಂದಣಿಯಾಗಿದೆ ತಾನೆ?

ಹಣದ ಮಾತು ಸಾಕು. ನಿಮ್ಮಂಥವರಿಗೆ ಹೆಚ್ಚು ಉಪಯೋಗದ ಉದಾಹರಣೆ ಅಮೆರಿಕದ್ದು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ದಡ ಮುಟ್ಟಿ ನ್ಯೂ ಆರ್ಲಿಯನ್ಸ್ ನೀರಲ್ಲಿ ನಿಂತಿತು. ಆಗ ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿ ಸರಣಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಕಡಿಮೆ ಸಂಬಳ, ಮಹಿಳಾ ನೌಕರರು ಹೂಡಿದ್ದ ದೊಡ್ಡ ಮೊಕದ್ದಮೆ, ಕಾರ್ಮಿಕ ಸಂಘಗಳ ಚಳವಳಿ, ಹೀಗೆ ಎಲ್ಲ ಕಡೆಯಿಂದ ಬೈಗುಳ. ಆದರೆ ಗಾಳಿ ಬರುವ ಮುಂಚೆಯೇ ಅವರ 45 ಟ್ರಕ್ಕುಗಳು ಮಿಸಿಸಿಪ್ಪಿಯ ಬ್ರೂಕ್‌ಹೇವನ್ ಗೋದಾಮಿನಲ್ಲಿ ಸಾಮಾನು ತುಂಬಿಕೊಂಡು ತಯಾರಾಗಿದ್ದವು. ಚಂಡಮಾರುತದ ಮುನ್ಸೂಚನೆ ಬಂದರೆ ಯಾವ ಊರಲ್ಲಿ ಯಾವ ಮಾಲು ಎಷ್ಟು ಖರ್ಚಾಗುತ್ತದೆಂಬ ಲೆಕ್ಕ ಅವರಲ್ಲಿತ್ತು. ಟಾರ್ಚು ಸರಿ, ಅದರ ಜೊತೆ ಸ್ಟ್ರಾಬೆರಿ ಪಾಪ್‌ಟಾರ್ಟ್ ಎಂಬ ತಿನಿಸು ಮಾಮೂಲಿಗಿಂತ ಏಳು ಪಟ್ಟು ಹೋಗುತ್ತದೆ ಎನ್ನುವಷ್ಟು ಸೂಕ್ಷ್ಮ ಲೆಕ್ಕ. ಒಲೆ ಬೇಡ, ಕರೆಂಟ್ ಬೇಡ, ಮಕ್ಕಳು ತಿನ್ನುತ್ತಾರೆ. ನಿಮ್ಮ ಹಚ್ಚಿದ ಅವಲಕ್ಕಿಯೂ ಅದೇ ಜಾತಿಯದು.

ಕಂಪನಿಯ ಮುಖ್ಯಸ್ಥ ಲೀ ಸ್ಕಾಟ್ ಕೆಳಗಿನವರಿಗೆ ಕೊಟ್ಟ ಸೂಚನೆಯ ಸಾರ ಇಷ್ಟೇ: ನಿಮ್ಮ ಹುದ್ದೆಗೆ ಮೀರಿದ ತೀರ್ಮಾನ ತೆಗೆದುಕೊಳ್ಳಬೇಕಾಗಿ ಬರುತ್ತದೆ, ತೆಗೆದುಕೊಳ್ಳಿ. ಕೆಲವು ಊರುಗಳಲ್ಲಿ ಅಂಗಡಿಯ ಮ್ಯಾನೇಜರುಗಳು ಮೇಲಿನವರನ್ನು ಕೇಳದೆ ಬಾಗಿಲು ತೆಗೆದು ಔಷಧ, ನೀರು, ಬಟ್ಟೆ ಹಂಚಿದರು. 2 ಕೋಟಿ ಡಾಲರ್ ನಗದು, 1,500 ಟ್ರಕ್ ಸಾಮಾನು ಹೋಯಿತು. ಆದರೆ ಹೆಸರು ತಂದದ್ದು ಸರ್ಕಾರದ ಲಾರಿಗಳಿಗಿಂತ ಮೊದಲು ಇವರ ಲಾರಿಗಳು ಬಂದವೆಂಬ ಸಂಗತಿ. ನ್ಯೂ ಆರ್ಲಿಯನ್ಸ್ ಪಕ್ಕದ ಜೆಫರ್ಸನ್ ಪ್ಯಾರಿಷ್‌ನ ಆಡಳಿತದ ಮುಖ್ಯಸ್ಥ ಆರನ್ ಬ್ರೌಸಾರ್ಡ್, ಸರ್ಕಾರವೂ ವಾಲ್‌ಮಾರ್ಟ್‌ನಂತೆ ಸ್ಪಂದಿಸಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ ಎಂಬರ್ಥದಲ್ಲಿ ಟಿವಿಯಲ್ಲಿ ಅಳುತ್ತ ಹೇಳಿದರು. ಎಷ್ಟು ಕೋಟಿ ಸುರಿದರೂ ಸಿಗದ ಜಾಹೀರಾತು ಅದು.

ಅದಾಗಿ ಎರಡೇ ತಿಂಗಳಿಗೆ, ಅಕ್ಟೋಬರ್ ಕೊನೆಯಲ್ಲಿ, ವಾಲ್‌ಮಾರ್ಟ್‌ನ ಒಳಗಿನ ಟಿಪ್ಪಣಿಯೊಂದು ಪತ್ರಿಕೆಗೆ ಸೋರಿತು. ನೌಕರರ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ವಿಮೆಯಿಲ್ಲ, ಇಲ್ಲವೇ ಬಡವರ ಸರ್ಕಾರಿ ಆರೋಗ್ಯ ಯೋಜನೆಯೇ ಗತಿ ಎಂಬುದನ್ನು ಅದು ಒಪ್ಪಿಕೊಂಡಿತ್ತು. ಆರೋಗ್ಯದ ಖರ್ಚು ತಗ್ಗಿಸಲು ಗಟ್ಟಿಮುಟ್ಟಾದವರೇ ಕೆಲಸಕ್ಕೆ ಬರುವಂತೆ ಮಾಡುವ ಉಪಾಯಗಳನ್ನೂ ಸೂಚಿಸಿತ್ತು. ಮತ್ತೆ ಬೈಗುಳ ಶುರು. ನೆರೆಯಲ್ಲಿ ಗಳಿಸಿದ ಹೆಸರು ಸುಳ್ಳೇನೂ ಆಗಲಿಲ್ಲ, ಆದರೆ ಬೇರೆ ಖಾತೆಯ ಸಾಲಕ್ಕೆ ಅದು ಜಮೆಯಾಗಲಿಲ್ಲ. ನಿಮ್ಮ ಪ್ಯಾಕಿಂಗ್ ಶೆಡ್ಡಿನ ಹೆಣ್ಣುಮಕ್ಕಳಿಗೆ ಪಿಎಫ್, ಇಎಸ್‌ಐ ಸರಿಯಾಗಿ ಕಟ್ಟುತ್ತಿದ್ದೀರಿ ಎಂದು ನಂಬಿ ಮುಂದೆ ಹೋಗುತ್ತೇನೆ. ನೆರೆಯಲ್ಲಿ ಅವರ ಮನೆಗೂ ನೀರು ನುಗ್ಗಿರುತ್ತದೆ, ಮೊದಲ ಕಿಟ್ ಅಲ್ಲಿಗೆ ಹೋಗಲಿ.

ಇನ್ನು ಮಗನ ವಿಡಿಯೋ. ಹೇಳಿಕೊಳ್ಳುವುದೇ ತಪ್ಪು ಅನ್ನುವವನಲ್ಲ ನಾನು. ಹೇಳಿಕೊಂಡ ಗಳಿಗೆಯಿಂದ ಲೆಕ್ಕ ಕೇಳುವ ಹಕ್ಕು ನೋಡಿದವರಿಗೆಲ್ಲ ಬರುತ್ತದೆ, ಅದಕ್ಕೆ ತಯಾರಿದ್ದರೆ ಹೇಳಿ. ಅಮೆರಿಕದ ಬಡ್‌ವೈಸರ್ ಬಿಯರ್‌ನವರು ಜಾರ್ಜಿಯಾದ ಕಾರ್ಟರ್ಸ್‌ವಿಲ್ ಕಾರ್ಖಾನೆಯಲ್ಲಿ ವಿಪತ್ತಿನ ಹೊತ್ತಿಗೆ ಬಿಯರ್ ನಿಲ್ಲಿಸಿ ಅದೇ ಡಬ್ಬಿಗಳಿಗೆ ಕುಡಿಯುವ ನೀರು ತುಂಬಿ ಕಳಿಸುತ್ತ ಬಂದಿದ್ದಾರೆ. ಬಹಳ ವರ್ಷಗಳ, ನಿಜಕ್ಕೂ ಒಳ್ಳೆಯ ಕೆಲಸ. 2018ರ ಫೆಬ್ರವರಿಯಲ್ಲಿ ಅದನ್ನೇ ಚಿತ್ರೀಕರಿಸಿ ಅಲ್ಲಿನ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಒಂದು ನಿಮಿಷದ ಜಾಹೀರಾತು ಹಾಕಿದರು. ಆ ಪಂದ್ಯದಲ್ಲಿ ಅರ್ಧ ನಿಮಿಷಕ್ಕೇ ಸುಮಾರು 50 ಲಕ್ಷ ಡಾಲರ್ ದರ. ಹಲವರು ಕಣ್ಣೊರೆಸಿಕೊಂಡರು, ಇನ್ನು ಹಲವರು ಈ ದುಡ್ಡಿಗೆ ಇನ್ನೆಷ್ಟು ನೀರು ಬರುತ್ತಿತ್ತೆಂದು ಕೇಳಿದರು. ನನ್ನ ಕೈಲೆಕ್ಕ ಹೀಗೆ: ಹೇಳಿಕೊಳ್ಳುವ ಖರ್ಚು ಕೊಟ್ಟದ್ದರ ನೂರಕ್ಕೆ ಒಂದೆರಡು ಪಾಲು ದಾಟಬಾರದು. ಎಷ್ಟು ಪೊಟ್ಟಣ, ಯಾವ ಊರು, ಯಾವ ತಾರೀಖು, ಯಾರು ಸಹಿ ಹಾಕಿ ಪಡೆದರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಹಾಕಿದರೆ ಅದೇ ಸಾಕು. ತೆಗೆದುಕೊಂಡವರ ಮುಖ ಬೇಡ.

ಮಗ ಇದನ್ನು ಸಿಎಸ್‌ಆರ್, ಅಂದರೆ ದೊಡ್ಡ ಕಂಪನಿಗಳು ಸಮಾಜಕ್ಕೆಂದು ಕಾನೂನಿನ ಪ್ರಕಾರ ಮಾಡಬೇಕಾದ ಖರ್ಚು, ಅನ್ನುತ್ತಿದ್ದರೆ ತಿದ್ದಿ. ಕಂಪನಿ ಕಾಯ್ದೆ 2013ರ 135ನೇ ಕಲಮು ಅನ್ವಯವಾಗುವುದು ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಅವರು ಖರ್ಚು ಮಾಡಲೇಬೇಕು. ವಿಪತ್ತು ಪರಿಹಾರ, ಪುನರ್ವಸತಿ ಆ ಪಟ್ಟಿಗೆ ಸ್ಪಷ್ಟವಾಗಿ ಸೇರಿದ್ದು 2019ರಲ್ಲಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ, ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದು ಬರುತ್ತದೆ. ದೊಡ್ಡ ದೊಡ್ಡವರೇ ಇಲ್ಲಿ ಎಡವಿದ್ದಾರೆ. ತಮ್ಮ ಮಾಲಿನ ಪ್ರಚಾರಕ್ಕೆಂದು ಪ್ರಾಯೋಜಿಸಿದ್ದು ಸಿಎಸ್‌ಆರ್ ಅಲ್ಲವೆಂದು 2021ರ ನಿಯಮಗಳು ಬಿಡಿಸಿ ಹೇಳಿವೆ. ನಿಮ್ಮ ಲಾಭ ಒಂದೂವರೆ ಕೋಟಿಯಾದ್ದರಿಂದ ನಿಮಗೆ ಈ ಕಟ್ಟುಪಾಡಿಲ್ಲ. ನೀವು ಕೊಡುವುದು ಶುದ್ಧ ದಾನ. 181ನೇ ಕಲಮಿನ ಪ್ರಕಾರ ಮೂರು ವರ್ಷದ ಸರಾಸರಿ ಲಾಭದ ಶೇ 5ರವರೆಗೆ ನಿರ್ದೇಶಕರ ಮಂಡಳಿಯೇ ಕೊಡಬಹುದು, ದಾಟಿದರೆ ಷೇರುದಾರರ ಸಭೆಯ ಒಪ್ಪಿಗೆ ಬೇಕು. ಮಾಲನ್ನೇ ಕೊಡುವುದಾದರೆ ಅದರ ಮೇಲೆ ಪಡೆದಿದ್ದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಕಚ್ಚಾ ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಕ್ಕ ವಜಾ, ವಾಪಸ್ ಮಾಡಬೇಕು. ಇದನ್ನು ಮರೆತು ಆಮೇಲೆ ನೋಟಿಸ್ ಬಂದಾಗ ಧರ್ಮಕ್ಕೂ ತೆರಿಗೆಯೇ ಎಂದು ಕೂಗಾಡುವವರನ್ನು ನೋಡಿದ್ದೇನೆ.

ಎಷ್ಟು ಎಂದು ಕೇಳಿದಿರಿ. ನಿಮ್ಮ ಲಾಭಕ್ಕೆ ಮೂರರಿಂದ ನಾಲ್ಕು ಲಕ್ಷದ ಮಾಲು ನೋವಾಗುವ ಮೊತ್ತವೇ. ಒಂದೇ ಸಲ ಸುರಿಯಬೇಡಿ. ಮೊದಲ ನಾಲ್ಕು ದಿನ ಎಲ್ಲರೂ ಬರುತ್ತಾರೆ, ಹೆದ್ದಾರಿಗೆ ಹತ್ತಿರದ ಊರಿಗೆ ಹತ್ತು ಲಾರಿ, ಒಳಗಿನ ಊರಿಗೆ ಒಂದೂ ಇಲ್ಲ. 2004ರ ಸುನಾಮಿಯಾದಾಗ ನಾಗಪಟ್ಟಣದ ರಸ್ತೆಬದಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ನಮ್ಮಲ್ಲೇ 2009ರ ನೆರೆಯ ಮೇಲೆ 'ಆಸರೆ' ಹೆಸರಲ್ಲಿ ಸರ್ಕಾರ ಜಾಗ ಕೊಟ್ಟು, ದಾನಿ ಕಂಪನಿಗಳು ಮನೆ ಕಟ್ಟಿಸಿದವು. ಒಳ್ಳೆಯ ಮನೆಗಳೂ ಇವೆ. ಆದರೆ ಎಷ್ಟೋ ಕಡೆ ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳಿನ ಚೀಲ ಇಡಲು ಮೂಲೆಯಿಲ್ಲ. ಫಲಕದ ಮೇಲೆ ದಾನಿಯ ಹೆಸರು, ಒಳಗೆ ಜಾಲಿ ಗಿಡ. ಅಂಥ ಫಲಕ ಕಂಪನಿಗೆ ಒಳ್ಳೆಯ ಹೆಸರು ತರುತ್ತದೆಯೇ ಎಂದು ಮಗನನ್ನು ಒಮ್ಮೆ ಬಾಗಲಕೋಟೆ ಕಡೆ ಕರೆದುಕೊಂಡು ಹೋಗಿ ತೋರಿಸಿ.

ಆದ್ದರಿಂದ ಮೇ ತಿಂಗಳಲ್ಲೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಕಾಳಜಿ ಕೇಂದ್ರ ತೆರೆಯುವ ಶಾಲೆ, ಕಲ್ಯಾಣ ಮಂಟಪಗಳ ಪಟ್ಟಿ ಕೇಳಿ. ನಿಮ್ಮ ವಿತರಕರ ಗಾಡಿ ದಿನಾ ಓಡಾಡುವ ದಾರಿಯಲ್ಲಿ ಯಾವ ಯಾವ ಊರು ಬರುತ್ತವೆಂದು ಅದಕ್ಕೆ ತಾಳೆ ಹಾಕಿ. ಗೋದಾಮಿನಲ್ಲಿ ಐದು ಸಾವಿರ ಪೊಟ್ಟಣ ಹಚ್ಚಿದ ಅವಲಕ್ಕಿ ಬೇರೆಯೇ ಇಟ್ಟು, ಅವಧಿ ಮುಗಿಯಲು ಎರಡು ತಿಂಗಳಿರುವಾಗ ಅದನ್ನು ಮಾರಾಟಕ್ಕೆ ಬಿಟ್ಟು ಹೊಸದು ತುಂಬುತ್ತ ಬನ್ನಿ. ಅವಧಿ ಮುಗಿಯಲು ವಾರವಿರುವ ಮಾಲನ್ನು ದಾನಕ್ಕೆ ತಳ್ಳುವ ಕಂಪನಿಗಳಿವೆ, ನೆರೆ ಸಂತ್ರಸ್ತನಿಗೂ ತಾರೀಖು ಓದಲು ಬರುತ್ತದೆ. ಕೊಟ್ಟದ್ದರಲ್ಲಿ ಅರ್ಧವನ್ನು ಕ್ಯಾಮೆರಾಗಳೆಲ್ಲ ಹೋದ ಹದಿನೈದನೇ ದಿನಕ್ಕೆ ಉಳಿಸಿಕೊಳ್ಳಿ. ಜನ ಮನೆಗೆ ಮರಳಿ ರಾಡಿ ಬಳಿಯುವ ದಿನಗಳವು, ಒಲೆ ಹಸಿಯಾಗಿರುತ್ತದೆ, ಕೇಂದ್ರ ಮುಚ್ಚಿರುತ್ತದೆ.

ಆ ಹದಿನೈದನೇ ದಿನದ ಗಾಡಿಯಲ್ಲಿ ಮಗನೇ ಹೋಗಲಿ. ವಿಡಿಯೋ ಮಾಡುವುದೋ ಬಿಡುವುದೋ ಅಲ್ಲಿ ನಿಂತು ಅವನೇ ತೀರ್ಮಾನಿಸಲಿ. ನಿಮ್ಮ ತಮ್ಮನವರನ್ನೂ ಅದೇ ಗಾಡಿಗೆ ಹತ್ತಿಸಿ, ಇಳಿಸಿಕೊಳ್ಳಲು ಇಬ್ಬರಾದರೂ ಬೇಕಾಗುತ್ತದೆ.